ವಂಶಾವಳಿ ಡೈರಿ 7: ಐದುನೂರಾ ತೊಂಬತ್ತೋ, ತೊಂಬತ್ತೊಂದೋ

ಸಿಕ್ಕಿತು. ಅಜ್ಜ ಹುಟ್ಟಿದ ತಾರೀಖು ಹುಡುಕಲು ನನಗೆ ಒಂಬತ್ತು ತಿಂಗಳು ಹಿಡಿಯಿತು. ಹುಟ್ಟಲು ಅವನೂ ಅಷ್ಟೇ ಹೊತ್ತು ತಗೊಂಡಿದ್ದನಾದ್ದರಿಂದ ಲೆಕ್ಕ ಚುಕ್ತಾ.

ತಾಲೂಕು ಕಚೇರಿಯ ಕಥೆ ಉದ್ದ ಮಾಡುವುದಿಲ್ಲ. ಅರ್ಜಿ, ಜನನ ಮರಣ ಶಾಖೆ, ರೆಕಾರ್ಡ್ ರೂಮಿನ ಬೀಗದ ಕೈ ಇದ್ದವರ ರಜೆ, ಕೊನೆಗೆ ನಮೂನೆ 10ರ ಅಲಭ್ಯತಾ ಪತ್ರ, ಅಂದರೆ ದಾಖಲೆ ಇಲ್ಲ ಎಂಬುದಕ್ಕೊಂದು ದಾಖಲೆ. ಈ ಹುಚ್ಚು ಹಿಡಿದವರೆಲ್ಲ ದಾಟಿ ಬಂದ ಹೊಳೆಯೇ ಇದು. 1969ರ ಜನನ ಮರಣ ನೋಂದಣಿ ಕಾಯ್ದೆ ನಮ್ಮಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ಕ್ಕೆ. ಅದಕ್ಕಿಂತ ಹಿಂದಿನ ವಹಿ ನಮ್ಮ ಭಾಗದಲ್ಲಿ ಇದ್ದರೆ ಪುಣ್ಯ, ಇಲ್ಲದಿದ್ದರೆ ಗೆದ್ದಲಿಗೆ ಪುಣ್ಯ. ಒಂದು ಮಾತು ಮಾತ್ರ ಬರೆದಿಡಬೇಕು. ಕೌಂಟರಿನಲ್ಲಿದ್ದವರು ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದರು:

"ಯಾ ಇಸ್ವಿದು ಬೇಕ್ರಿ?"

"ಮೂವತ್ತೇಳು ಇಲ್ಲಾ ಮೂವತ್ತೆಂಟು ಇರಬೇಕ್ರಿ."

"ಅದು ಇನ್ನಾ ಬರಬೇಕಲ್ರಿ."

ಆರ್‌ಟಿಐ ಕೂಡ ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹುಡುಕಲು ಮೂರು ಅಂಚೆ ಕಚೇರಿ ಸುತ್ತಿದೆ. ಉತ್ತರ ಸರಿಯಾಗಿ ಇಪ್ಪತ್ತೊಂಬತ್ತನೇ ದಿನಕ್ಕೆ ಬಂತು: "ಕಡತ ಲಭ್ಯವಿರುವುದಿಲ್ಲ." ನಿಜಾಮರ ಕಾಲದಲ್ಲಿ ನಮ್ಮೂರ ಹುಟ್ಟು ಸಾವಿನ ವಹಿ ಪೊಲೀಸ್ ಪಾಟೀಲರ ಮನೆಯಲ್ಲಿ ಇರುತ್ತಿತ್ತಂತೆ. ಅವರ ಮೊಮ್ಮಗ ಅಟ್ಟ ಹತ್ತಿ ಒಂದು ಕಟ್ಟು ಇಳಿಸಿ ಕೊಟ್ಟರು. ಬಿಚ್ಚಿದರೆ ಮೇಲಿನ ರಟ್ಟು, ಕೆಳಗಿನ ರಟ್ಟು, ನಡುವೆ ಮಣ್ಣು.

ಹಾಗಾಗಿ ಉಳಿದದ್ದು ಶಾಲೆ. ಊರ ಸರಕಾರಿ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಅಜ್ಜನ ಹೆಸರು ಮೊದಲ ದಿನವೇ ಸಿಕ್ಕಿತ್ತು: ಹುಟ್ಟಿದ ದಿನಾಂಕ 19-4-1937. ಆ ಪುಟದಲ್ಲಿ ಮುಕ್ಕಾಲು ಪಾಲು ಮಕ್ಕಳು ಹುಟ್ಟಿದ್ದು ಜೂನ್ 1ಕ್ಕೆ. ಮಾಸ್ತರರ ಕೃಪೆಯಿಂದ ಒಂದೇ ದಿನ ಊರಿಗೆ ಊರೇ ಹೆರಿಗೆ. ಅವುಗಳ ನಡುವೆ 'ಏಪ್ರಿಲ್ 19' ಎಂದು ಯಾರೂ ಸುಮ್ಮನೆ ಬರೆಯುವುದಿಲ್ಲ. ಇದು ಅಸಲಿ ಎಂದು ಅವತ್ತೇ ವಂಶದ ನಕ್ಷೆಗೆ ಏರಿಸಿ, ಮಿರ್ಚಿ ಭಜಿ ತಿಂದು ಬಂದೆ.

ಆಮೇಲೆ ದೊಡ್ಡಜ್ಜಿಯ ಜಾತಕ ಕೈಗೆ ಬಂತು. ದೊಡ್ಡಜ್ಜಿ ಅಂದರೆ ಅಜ್ಜನ ಬೆನ್ನಿಗೆ ಹಿರಿಯಳಾದ ಅಕ್ಕ, ಇನ್ನೂ ಗಟ್ಟಿಯಾಗಿದ್ದಾಳೆ. ಜಾತಕದಲ್ಲಿ ಧಾತು ಸಂವತ್ಸರ, ಮಾಘ ಶುದ್ಧ. ಧಾತು ಅಂದರೆ 1936ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ. ಅದರ ಮಾಘ ಬಿದ್ದದ್ದು 1937ರ ಫೆಬ್ರವರಿಯಲ್ಲಿ. ಅಕ್ಕ ಫೆಬ್ರವರಿ, ತಮ್ಮ ಏಪ್ರಿಲ್. ನಮ್ಮ ಮುತ್ತಜ್ಜಿ ಗಟ್ಟಿಗಿತ್ತಿ ಎಂದು ಕೇಳಿದ್ದೆ, ಇಷ್ಟು ಎಂದು ಗೊತ್ತಿರಲಿಲ್ಲ.

ಎರಡರಲ್ಲಿ ಒಂದು ಸುಳ್ಳು. ಮತ್ತೆ ಶಾಲೆಗೆ ಹೋಗಿ ಆ ರಿಜಿಸ್ಟರಿನ ಮೊದಲ ಹಾಳೆ ನೋಡಿದೆ. ಮೊದಲ ಸಲವೇ ನೋಡಬೇಕಿತ್ತು, ನೋಡಿರಲಿಲ್ಲ, ಬೈಯಿರಿ. "ಹಳೆಯ ಉರ್ದು ವಹಿಯಿಂದ ನಕಲು ಮಾಡಿದ್ದು, 1957" ಎಂದಿತ್ತು. 1956ರ ನವೆಂಬರ್ 1ಕ್ಕೆ ನಾವು ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದೆವಲ್ಲ, ಆಗ ಯಾರೋ ಕೂತು ಎಲ್ಲವನ್ನೂ ಕನ್ನಡಕ್ಕೆ ಇಳಿಸಿದ್ದಾರೆ. ಹಾಗಾದರೆ ಮೂಲ ಎಲ್ಲಿ? ಮೂರನೇ ಭೇಟಿಯಲ್ಲಿ, ಬಿಸಿಯೂಟದ ಅಕ್ಕಿ ಚೀಲಗಳ ಹಿಂದಿದ್ದ ಟ್ರಂಕಿನಲ್ಲಿ ಕೆಂಪು ಬಟ್ಟೆ ಸುತ್ತಿಕೊಂಡು ಕೂತಿತ್ತು. ಹೆಡ್‌ಮಾಸ್ತರರಿಗೂ ಆಶ್ಚರ್ಯ. ಅವರು ಆ ಟ್ರಂಕಿನ ಮೇಲೆ ಆರು ವರ್ಷ ಚಹಾದ ಕಪ್ಪು ಇಟ್ಟಿದ್ದರಂತೆ.

ಫೋಟೊ ಹೊಡೆದುಕೊಂಡು ಬಂದು, ಮೊದಲು ಆನ್‌ಲೈನಿನಲ್ಲಿ ಸಿಕ್ಕ ಒಬ್ಬ 'ದಾಖಲೆ ತಜ್ಞ'ರಿಗೆ ಕಳಿಸಿದೆ. ಪುಟಕ್ಕೆ 1500 ರೂಪಾಯಿ, ಮುಂಗಡ. ಹತ್ತು ದಿನಕ್ಕೆ ಬಂದ ಅನುವಾದದಲ್ಲಿ ಅಜ್ಜನ ತಂದೆಯ ಹೆಸರು 'ಖುರ್ದಾದ್' ಎಂದಿತ್ತು. ಖುರ್ದಾದ್ ಅನ್ನುವುದು ತಿಂಗಳು, ಸ್ವಾಮಿ! ದುಡ್ಡು ವಾಪಸ್ ಕೇಳಿದೆ. ಫೋನು ಇವತ್ತಿಗೂ ಎತ್ತಿಲ್ಲ. ಆ ಸಿಟ್ಟಿನಲ್ಲೇ ಇನ್ನೊಂದು ಹೇಳಿಬಿಡುತ್ತೇನೆ. ಹಳೆ ಕಾಗದ ಇಡಲು ಆಮ್ಲರಹಿತ ಹಾಳೆ ಬೇಕೆಂದು ತರಿಸಿದರೆ, ಆ ಅಂಗಡಿಯವರು ಕಳಿಸಿದ್ದು ಬೇಕರಿಯಲ್ಲಿ ದಿಲ್‌ಪಸಂದ್ ಸುತ್ತಿ ಕೊಡುವ ಬಟರ್ ಪೇಪರ್.

ಕೊನೆಗೆ ನಿವೃತ್ತ ಉರ್ದು ಮಾಸ್ತರರೊಬ್ಬರು ಸಿಕ್ಕರು. ಫೀ ಎರಡು ಕಪ್ ಚಹಾ, ಅದೂ ಅವರದೇ ಮನೆಯ ಚಹಾ. ಭೂತಗನ್ನಡಿ ಹಿಡಿದು ಓದಿದರು: "ಚೌದಾ ಖುರ್ದಾದ್, ತೇರಾ ಸೌ..." ಅಂದರೆ ಖುರ್ದಾದ್ ತಿಂಗಳ 14, ಇಸವಿ ಸಾವಿರದ ಮುನ್ನೂರಾ ನಲವತ್ತು ಚಿಲ್ಲರೆ. ಅಲ್ಲಿ ನಿಂತರು. ಇಸವಿಯ ಕೊನೆಯ ಅಂಕಿಯ ಮೇಲೆ ಕಪ್ಪಗೊಂದು ಕಲೆ. ಉರ್ದುವಿನಲ್ಲಿ ಏಳು ಅಂದರೆ ಬಾಯಿ ಮೇಲೆ ಮಾಡಿದ ಕವಣೆಗೋಲು. ಅದನ್ನೇ ಬೋರಲು ಹಾಕಿದರೆ ಎಂಟು. ಕಲೆ ಕೂತಿದ್ದು ಎರಡು ಗೆರೆ ಕೂಡುವ ಮೂಲೆ ಎಲ್ಲಿದೆಯೋ ತಿಳಿಯದ ಹಾಗೆ. "ಬೇಟಾ, ಏಳೂ ಆಗಬಹುದು, ಎಂಟೂ ಆಗಬಹುದು" ಅಂದರು.

ಸರಿ, 1347 ಎಂದೇ ಇಟ್ಟುಕೊಂಡು ವಂಶಾವಳಿ ಸಾಫ್ಟ್‌ವೇರ್ ಗ್ರಾಂಪ್ಸ್‌ಗೆ ಹಾಕೋಣ ಎಂದುಕೊಂಡೆ. ಅದರಲ್ಲಿ ಹೀಬ್ರೂ ಇದೆ, ಇಸ್ಲಾಮಿಕ್ ಇದೆ, ಫ್ರೆಂಚ್ ಕ್ರಾಂತಿಯ ಕ್ಯಾಲೆಂಡರೂ ಇದೆ, ನಿಜಾಮರ ಸರಕಾರಿ ವರ್ಷಗಣನೆಯಾದ ನಮ್ಮ ಫಸಲಿ ಮಾತ್ರ ಇಲ್ಲ. ತಿಂಗಳ ಹೆಸರು ಒಂದೇ ಅಲ್ಲವೇ ಎಂದು ಪರ್ಷಿಯನ್ ಆರಿಸಿದೆ. ಅಜ್ಜ 1968ರ ಜೂನಿನಲ್ಲಿ ಹುಟ್ಟಿದ, ನಮ್ಮಪ್ಪನಿಗಿಂತ ಐದು ವರ್ಷ ಚಿಕ್ಕವ! ಹೆಸರು ಒಂದೇ ಆದರೂ ಲೆಕ್ಕ ಬೇರೆ. ಇರಾನಿನ ವರ್ಷ ಮಾರ್ಚಿಯಲ್ಲಿ ಶುರು, ನಿಜಾಮರ ಫಸಲಿ ಅಕ್ಟೋಬರ್ 6ರ ಸುಮಾರಿಗೆ 'ಆಜುರ್' ತಿಂಗಳಿಂದ ಶುರು. ಮದ್ರಾಸ್ ಕಡೆಯ ಫಸಲಿ ಬೇರೆ, ಅದು ಜುಲೈ 1ಕ್ಕೆ. ಬಳ್ಳಾರಿಯ ಗೆಳೆಯನ ಪಟ್ಟಿ ಎರವಲು ತಂದು ನಾನು ಒಂದು ವಾರ ಹಾಳು ಮಾಡಿಕೊಂಡಿದ್ದು ಇದೇ ಕಾರಣಕ್ಕೆ.

1957ರ ನಕಲುಗಾರ ಎಡವಿದ್ದು ಎಲ್ಲಿ ಎಂದು ಈಗ ಹೊಳೆಯಿತು. ಫಸಲಿಗೆ 590 ಕೂಡಿಸಿದರೆ ಇಸವಿ, ಇದು ಎಲ್ಲರ ಬಾಯಲ್ಲಿರುವ ಸೂತ್ರ. ಆದರೆ ಅದು ನಡೆಯುವುದು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಮಾತ್ರ. ಜನವರಿ ಬಂದ ಮೇಲೆ ಫಸಲಿ ಅದೇ ಇರುತ್ತದೆ, ಇಸವಿ ಒಂದು ಮುಂದೆ ಹೋಗಿರುತ್ತದೆ. ಆಗ 591 ಕೂಡಿಸಬೇಕು. ಖುರ್ದಾದ್ ಏಳನೇ ತಿಂಗಳು, ಏಪ್ರಿಲ್ ಹೊತ್ತಿಗೆ ಬರುತ್ತದೆ. ಪುಣ್ಯಾತ್ಮ ದಿನ, ತಿಂಗಳು ಸರಿಯಾಗಿ ಇಳಿಸಿ, ಇಸವಿಗೆ 590 ಒಗಾಯಿಸಿದ್ದಾನೆ. ಅದೇ ರಿಜಿಸ್ಟರಿನ ಇನ್ನೂ ಹನ್ನೊಂದು ನಮೂದು ತಾಳೆ ಹಾಕಿದೆ. ಜನವರಿಯಿಂದ ಸೆಪ್ಟೆಂಬರ್ ನಡುವೆ ಹುಟ್ಟಿದ ಪ್ರತಿಯೊಬ್ಬರಿಗೂ ಒಂದು ವರ್ಷ ಉಚಿತ ವಯಸ್ಸು.

ಆದರೂ ಏಳೋ ಎಂಟೋ ಇತ್ಯರ್ಥವಾಗಲಿಲ್ಲ. ನಕಲುಗಾರ ಏಳು ಎಂದು ಓದಿದ್ದ ನಿಜ, ಆದರೆ 590ರಲ್ಲಿ ತಪ್ಪಿದವನ ಕಣ್ಣನ್ನು ಹೇಗೆ ನಂಬುವುದು? 1347 ಆದರೆ 1938, 1348 ಆದರೆ 1939. ಎರಡೂ ಅಕ್ಕನಿಗಿಂತ ಚಿಕ್ಕ ವಯಸ್ಸೇ. ಮೂರು ವಾರ ಆ ಕಲೆಯನ್ನು ಫೋಟೊದಲ್ಲಿ ದೊಡ್ಡದು ಮಾಡಿ, ಬಣ್ಣ ಬದಲಿಸಿ, ನೀಲಿ ತೆಗೆದು, ಕೆಂಪು ಏರಿಸಿ ನೋಡಿದೆ. ಕಲೆ ಕಲೆಯಾಗಿಯೇ ಉಳಿಯಿತು.

ಬಿಡಿಸಿದ್ದು ದೊಡ್ಡಜ್ಜಿ. ಸವತೆಕಾಯಿ ಹೆಚ್ಚುತ್ತಾ, ನನ್ನ ಗೋಳು ಅರ್ಧ ಕೇಳಿ, "ಅವಾ ದವನದ ಹುಣ್ಣಿಮಿ ಆಗಿ ಐದ್ ದಿನಕ್ಕ ಹುಟ್ಯಾನಂತ ನಮ್ಮವ್ವ ಹೇಳ್ತಿದ್ಲು" ಅಂದಳು.

ಓಡಿಹೋಗಿ ಹಳೆಯ ಪಂಚಾಂಗ ತೆಗೆದೆ. ದವನದ ಹುಣ್ಣಿಮೆ 1937ರಲ್ಲಿ ಏಪ್ರಿಲ್ 25ಕ್ಕೆ: ಹತ್ತೊಂಬತ್ತಕ್ಕೆ ಹುಣ್ಣಿಮೆ ಇನ್ನೂ ಆಗಿಯೇ ಇಲ್ಲ. 1939ರಲ್ಲಿ ಏಪ್ರಿಲ್ 4ಕ್ಕೆ: ಹತ್ತೊಂಬತ್ತರ ಹೊತ್ತಿಗೆ ಅಮಾವಾಸ್ಯೆಯೇ ಬಂದಿತ್ತು. 1938ರಲ್ಲಿ ಏಪ್ರಿಲ್ 14. ಐದು ಕೂಡಿಸಿ. ನಾನು ಬೆರಳು ಮಡಿಚಿ ಮಡಿಚಿ ಎಣಿಸಿದೆ, ಎರಡು ಸಲ. ಅಜ್ಜ ಹುಟ್ಟಿದ್ದು ಬಹುಧಾನ್ಯ ಸಂವತ್ಸರ, ಚೈತ್ರ ಬಹುಳ, 1938ರ ಏಪ್ರಿಲ್ 19. ಕಲೆಯ ಕೆಳಗಿದ್ದದ್ದು ಏಳು.

ನಡುವೆ ಇದನ್ನೂ ಹೇಳಬೇಕು, ಮುಂದಿನ ಕೆಲಸ ಹೆಳವರದು. ಸುಗ್ಗಿ ಮುಗಿದ ಮೇಲೆ ಎತ್ತು ಹೊಡೆದುಕೊಂಡು ಬಂದು ಮನೆತನದ ತಲೆಮಾರುಗಳನ್ನು ಹೇಳಿ ಕಾಳು ಇಸಿದುಕೊಂಡು ಹೋಗುತ್ತಿದ್ದರಲ್ಲ, ನಮ್ಮ ಮನೆತನದ ಹೆಳವರ ಮನೆ ಎಲ್ಲಿದೆ ಎಂದು ಸುಳಿವು ಸಿಕ್ಕಿದೆ. ಅವರ ಹತ್ತಿರ ಪುಸ್ತಕವೂ ಇದೆಯಂತೆ. ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರಕ್ಕೆ ಹೋಗುವ ಯೋಜನೆ ಅದಕ್ಕೇ ಮುಂದಕ್ಕೆ ಹಾಕಿದೆ. ಒಂದು ಚೀಲ ಜೋಳ ಕಟ್ಟಿಟ್ಟಿದ್ದೇನೆ. ಅವರು ಗೂಗಲ್ ಪೇ ಇಸಿದುಕೊಳ್ಳುತ್ತಾರೋ ಏನೋ.

ಸುದ್ದಿ ಹೇಳಲು ದೊಡ್ಡಜ್ಜಿಯ ಹತ್ತಿರ ಹೋದೆ. ನಿನಗೂ ಅವನಿಗೂ ಹದಿನಾಲ್ಕು ತಿಂಗಳ ಅಂತರ, ನಿನ್ನ ಜಾತಕದಿಂದಲೇ ಎಲ್ಲ ಶುರುವಾದದ್ದು ಅಂದೆ. ಆಕೆ ಅಡಕೆ ಬಾಯಿಗೆ ಹಾಕಿಕೊಂಡು ನಕ್ಕಳು.

"ಆ ಜಾತಕಾನ? ಅದು ಲಗ್ನದಾಗ ಬರಿಸಿದ್ದಲ್ಲೋ ತಮ್ಮಾ. ನಿಮ್ಮ ದೊಡ್ಡಜ್ಜನ ಜಾತಕಕ್ಕ ಕೂಡಬೇಕಿತ್ತಲ್ಲ."

ಎಂಟನೇ ಕಂತಿನಲ್ಲಿ ದೊಡ್ಡಜ್ಜಿ.