ಟೂರಿಸಂ ಓದಿ ಸಂಶೋಧಕರಾಗಲು: ಎರಾಸ್ಮಸ್ ಸ್ಕಾಲರ್‌ಶಿಪ್ಪಿನ ಒಳಲೆಕ್ಕ

ಟೂರಿಸಂ ಪದವಿ ಎಂದರೆ ಟಿಕೆಟ್ ಬುಕ್ಕಿಂಗು, ಹೋಟೆಲ್ ಕೌಂಟರು ಎಂದೇ ಕಾಸರಗೋಡಿನಲ್ಲಿ ತಿಳಿದವರು ಹೆಚ್ಚು. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಅದು ಭೂಗೋಳ, ಅರ್ಥಶಾಸ್ತ್ರ, ಮಾನವಶಾಸ್ತ್ರಗಳಿಗೆ ಅಂಟಿಕೊಂಡ ಸಂಶೋಧನೆಯ ವಿಷಯ. ಅಲ್ಲಿಗೆ ಹೋಗಲು ಇರುವ ಒಳ್ಳೆಯ ಬಾಗಿಲು ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್; ಬೇರೆಬೇರೆ ದೇಶಗಳ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಸ್ನಾತಕೋತ್ತರ ಕೋರ್ಸುಗಳಿಗೆ ಯುರೋಪಿಯನ್ ಒಕ್ಕೂಟ ಕೊಡುವ ನೆರವು ಇದು. ತಿಂಗಳಿಗೆ 1,400 ಯೂರೊ, ಗರಿಷ್ಠ 24 ತಿಂಗಳು; ಫೀಸು ಇಲ್ಲ, ವಿಮೆ ಅವರದೇ. ವಿಮಾನ, ವೀಸಾ, ಬಾಡಿಗೆ ಎಲ್ಲ ಆ 1,400ರೊಳಗೇ. ಮೊದಲ ಕಂತು ಸಾಮಾನ್ಯವಾಗಿ ದಾಖಲಾತಿ ಮುಗಿದ ಮೇಲೆ ಬರುವುದರಿಂದ ಒಂದು ತಿಂಗಳ ಬಾಡಿಗೆ, ಮುಂಗಡ ಎರಡನ್ನೂ ಊರಿನಿಂದಲೇ ಹೊಂದಿಸಿಕೊಂಡು ಹೊರಡಬೇಕು.

ಕೋರ್ಸುಗಳಿಗೆ ಅನುದಾನ ಕೆಲವೇ ವರ್ಷಗಳ ಕಂತಿನಲ್ಲಿ ಸಿಗುತ್ತದೆ. ಆದ್ದರಿಂದ ಈ ಸಲ ಸ್ಕಾಲರ್‌ಶಿಪ್ ಸೀಟು ಇದೆಯೇ ಎಂದು ಮೊದಲು ನೋಡಿ. ಅರ್ಜಿಗಳು ಹೆಚ್ಚಾಗಿ ಅಕ್ಟೋಬರಿನಿಂದ ಜನವರಿಯೊಳಗೆ.

ನಮ್ಮವರ ಅರ್ಜಿ ಮುಗ್ಗರಿಸುವುದು ಕಾಗದಪತ್ರದಲ್ಲಿ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ 'ಕೆ. ಸುಮಾ' ಎಂಬಂತೆ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರು. ಇವೆರಡೂ ಒಬ್ಬರದೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿ. ಪ್ರಮಾಣಪತ್ರಕ್ಕೆ ಅಪೊಸ್ಟಿಲ್ (ವಿದೇಶದಲ್ಲಿ ನಡೆಯುವ ದೃಢೀಕರಣ ಮುದ್ರೆ) ಕೇಳಿದರೆ ಕೋಝಿಕ್ಕೋಡಿನಲ್ಲಿರುವ, ಕೇರಳ ಸರಕಾರದ ನೋರ್ಕಾ ರೂಟ್ಸ್ ಕಚೇರಿಯ ದಾರಿ ಹಿಡಿಯಬೇಕು. ಶಿಫಾರಸು ಪತ್ರದಲ್ಲಿ 'ಶ್ರದ್ಧಾವಂತ ವಿದ್ಯಾರ್ಥಿ' ಎಂಬ ಸಾಲಿಗೆ ಬೆಲೆ ಇಲ್ಲ; ಯಾವ ಪ್ರಾಜೆಕ್ಟು, ಯಾವ ವಿಧಾನ, ಫಲ ಏನು ಎಂದು ಗುರುಗಳು ಬರೆಯಬೇಕು.

ಎಲ್ಲಕ್ಕಿಂತ ಮುಖ್ಯ ಸಂಶೋಧನೆಯ ಪ್ರಶ್ನೆ. 'ಕೇರಳ ಪ್ರವಾಸೋದ್ಯಮದ ಬೆಳವಣಿಗೆ' ಎಂಬಂಥ ವಿಷಯ ಆಯ್ಕೆ ಸಮಿತಿಯ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ಕಾಸರಗೋಡಿನ ಬೇಕಲವನ್ನೇ ತೆಗೆದುಕೊಳ್ಳಿ. 1992ರಲ್ಲಿ ವಿಶೇಷ ಪ್ರವಾಸೋದ್ಯಮ ವಲಯ, 1995ರಲ್ಲಿ ಅದಕ್ಕೆಂದೇ ಒಂದು ನಿಗಮ. ಪ್ರವಾಸಿ ತಾಣ ಹುಟ್ಟಿ, ಬೆಳೆದು, ನಿಂತುಹೋಗುವ ಹಂತಗಳ ಬಗ್ಗೆ ರಿಚರ್ಡ್ ಬಟ್ಲರ್ 1980ರಲ್ಲಿ ಮಂಡಿಸಿದ ಮಾದರಿ ಇಲ್ಲಿ ಎಷ್ಟರಮಟ್ಟಿಗೆ ಹೊಂದುತ್ತದೆ, ಮೀನುಗಾರರಿಗೆ ಕಡಲಿನ ದಾರಿ ಹೇಗೆ ಬದಲಾಯಿತು? ಇದು ಪ್ರಶ್ನೆ. ಕನ್ನಡ, ಮಲಯಾಳ, ತುಳು ಮೂರರಲ್ಲೂ ದುಭಾಷಿಯಿಲ್ಲದೆ ಸಂದರ್ಶನ ಮಾಡಬಲ್ಲೆ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಸಪ್ತಭಾಷಾ ನೆಲದವರ ಈ ಬಲ ಹೊರಗಿನ ಸಂಶೋಧಕರಿಗೆ ಸುಲಭವಾಗಿ ಸಿಗುವಂಥದ್ದಲ್ಲ.

ಕ್ಷೇತ್ರಕಾರ್ಯದ ಸಮಯ ತಪ್ಪಿದರೆ ವರ್ಷವೇ ಹೋಗುತ್ತದೆ. ಪ್ರಬಂಧ ಬರೆಯುವ ನಾಲ್ಕನೇ ಸೆಮಿಸ್ಟರ್ ಫೆಬ್ರವರಿಯಿಂದ ಜೂನ್. ಕೋಲ, ತೆಯ್ಯಂ ಕುರಿತು ಬರೆಯುವವರು ಏಪ್ರಿಲ್ ಒಳಗೆ ಊರಲ್ಲಿರಬೇಕು. ಮೇ ಕೊನೆಯ ಪತ್ತನಾಜೆ ಕಳೆದ ಮೇಲೆ ಕೋಲವಿಲ್ಲ, ಜೂನಿಗೆ ಮಳೆ. ಜನರನ್ನು ಸಂದರ್ಶಿಸಲು ಬೇಕಾದ ವಿಶ್ವವಿದ್ಯಾಲಯದ ನೈತಿಕ ಅನುಮತಿಗೆ ವಾರಗಟ್ಟಲೆ ಬೇಕಾಗುವುದರಿಂದ ಡಿಸೆಂಬರಿನಲ್ಲೇ ಅರ್ಜಿ ಹಾಕಿ, ಸಮ್ಮತಿ ಪತ್ರವನ್ನು ಕನ್ನಡ, ಮಲಯಾಳಗಳಲ್ಲೂ ಸಿದ್ಧಪಡಿಸಿಡಿ. ಒಂದು ಗಂಟೆಯ ಸಂದರ್ಶನ ಅಕ್ಷರಕ್ಕಿಳಿಸಲು ಸುಮಾರು ಐದಾರು ಗಂಟೆ, ಅನುವಾದ ಬೇರೆ. ಹದಿನೈದು ಸಂದರ್ಶನಗಳಿದ್ದರೆ ಎರಡು ವಾರ ಅದಕ್ಕೇ ಮೀಸಲು.

ಮುಂದಿನ ಮೆಟ್ಟಿಲು ಸಂಬಳವಿರುವ ಪಿಎಚ್‌ಡಿ. ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆಯುವ ಮೇರಿ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್ ಹುದ್ದೆಗಳಿಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ: ನೇಮಕಕ್ಕೆ ಹಿಂದಿನ 36 ತಿಂಗಳಲ್ಲಿ ಹುದ್ದೆ ಇರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಮೂರು ದೇಶ ಸುತ್ತುವ ಕೋರ್ಸಿನವರಿಗೆ ಇದು ಅನುಕೂಲ. ಆದರೆ ಕೊನೆಯ ಎರಡು ಸೆಮಿಸ್ಟರ್ ಒಂದೇ ದೇಶದಲ್ಲಿ ಕಳೆದು, ಬೇಸಿಗೆ ರಜೆಯಲ್ಲೂ ಅಲ್ಲೇ ಉಳಿದರೆ ಆ ದೇಶದ ಹುದ್ದೆ ಕೈತಪ್ಪಬಹುದು. ಎರಡನೇ ವರ್ಷ ಆರಂಭವಾಗುವ ಮೊದಲೇ ತಿಂಗಳುಗಳನ್ನು ಎಣಿಸಿಕೊಳ್ಳಿ.

ಊರಿಗೆ ಮರಳಿ ಕಾಲೇಜಿನಲ್ಲಿ ಪಾಠ ಮಾಡುವ ಆಲೋಚನೆ ಇದ್ದರೆ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಟೂರಿಸಂ ವಿಷಯದ ಸಂಕೇತ 93. ವಿದೇಶಿ ಪದವಿ ಇಲ್ಲಿಯ ಪದವಿಗೆ ಸಮ ಎಂಬ ತತ್ಸಮಾನತೆಯ ಪತ್ರ ಬೇಕು. ಅದಕ್ಕಾಗಿ ಯುಜಿಸಿ 2025ರಲ್ಲಿ ಹೊಸ ನಿಯಮಾವಳಿ ತಂದಿದೆ. ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಪಠ್ಯಕ್ರಮಗಳನ್ನು ಆಗಿಂದಾಗಲೇ ಪಡೆದು ಇಟ್ಟುಕೊಳ್ಳಿ. ವರ್ಷಗಳ ಬಳಿಕ ಮೂರು ದೇಶಗಳ ಕಚೇರಿಗಳಿಗೆ ಬೆನ್ನು ಬಿದ್ದು ತರಿಸುವುದು ಬಹಳ ಕಷ್ಟ.