ಮದುವೆಯಾಗದೆ ಹುಟ್ಟಿದ ಮಗು ಮಮ್ಜೇರ್ ಆಗುತ್ತಾ?

ಯೆಹೂದಿ ಧರ್ಮದ ಬಗ್ಗೆ ನಾನು ಏನಾದರೂ ಬರೆದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಅವರಲ್ಲಿ ಮದುವೆಯಾಗದೆ ಹುಟ್ಟಿದ ಮಕ್ಕಳನ್ನು 'ಮಮ್ಜೇರ್' ಅಂತ ಕರೆದು ಹತ್ತು ತಲೆಮಾರು ದೂರ ಇಡ್ತಾರಂತೆ, ನಿಜಾನಾ?

ಅಲ್ಲ. ಮದುವೆಯಾಗದವರಿಗೆ ಹುಟ್ಟಿದ ಮಗು ಮಮ್ಜೇರ್ ಅಲ್ಲವೇ ಅಲ್ಲ. ಗಂಡ ಇರುವ ಯೆಹೂದಿ ಹೆಂಗಸು ಬೇರೊಬ್ಬ ಯೆಹೂದಿ ಗಂಡಸಿನಿಂದ ಹೆತ್ತರೆ, ಇಲ್ಲವೇ ಅಣ್ಣ ತಂಗಿಯಂಥ ನಿಷಿದ್ಧ ಸಂಬಂಧದಲ್ಲಿ ಮಗು ಹುಟ್ಟಿದರೆ ಮಾತ್ರ ಆ ಹೆಸರು. ಹೆಂಡತಿ ಇರುವ ಗಂಡಸು ಮದುವೆಯಾಗದವಳ ಜೊತೆ ಹೋದರೆ ಮಗುವಿಗೆ ಏನೂ ಅಂಟುವುದಿಲ್ಲ. (ಹೌದು, ಅಲ್ಲೂ ಹೆಂಗಸಿನ ಲೆಕ್ಕವೇ ಬೇರೆ.)

ಹತ್ತು ತಲೆಮಾರಿನ ಮಾತು ಬೈಬಲ್ಲಿನ ಧರ್ಮೋಪದೇಶಕಾಂಡದ 23ನೇ ಅಧ್ಯಾಯದಲ್ಲಿದೆ. ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಅದನ್ನು 'ಎಂದೆಂದಿಗೂ' ಅಂತಲೇ ಓದಿದರು. ಆದರೆ ತಡೆ ಇರುವುದು ಮದುವೆಗೆ: ಮಮ್ಜೇರ್ ಆದವರು ಇನ್ನೊಬ್ಬ ಮಮ್ಜೇರನ್ನೋ, ಮತಾಂತರವಾಗಿ ಬಂದವರನ್ನೋ ಮಾತ್ರ ಮದುವೆಯಾಗಬಹುದು, ಹುಟ್ಟುವ ಮಕ್ಕಳಿಗೂ ಅದೇ ಪಾಡು. ಅಪ್ಪನ ಆಸ್ತಿಯಲ್ಲಿ ಪಾಲು ಮಾತ್ರ ತಪ್ಪುವುದಿಲ್ಲ. ಓದಿ ತಿಳಿದ ಮಮ್ಜೇರ್ ಏನೂ ತಿಳಿಯದ ಮಹಾಯಾಜಕನಿಗಿಂತ ಮೇಲು ಅಂತ ರಬ್ಬಿಗಳ ಹಳೆಯ ಕಾನೂನು ಸಂಗ್ರಹವಾದ ಮಿಶ್ನಾದಲ್ಲೇ ಇದೆ. ಸುಮ್ನೆ 'ಅಕ್ರಮ ಸಂತಾನ' ಅಂತ ಅನುವಾದ ಮಾಡಿದರೆ ಇದೆಲ್ಲ ಮರೆಯಾಗಿಬಿಡುತ್ತದೆ.

ಮಗುವಿನ ತಪ್ಪೇನು ಅಂತ ನೀವು ಕೇಳಬಹುದು. ಅವರೂ ಕೇಳಿದ್ದಾರೆ. ರಬ್ಬಿಗಳು ಬೈಬಲ್ಲಿಗೆ ಬರೆದ ವ್ಯಾಖ್ಯಾನವಾದ ಮಿದ್ರಾಷ್‌ನಲ್ಲಿ ದಾನಿಯೇಲ ಎಂಬ ದರ್ಜಿಯೊಬ್ಬ ಬರುತ್ತಾನೆ. ಬೈಬಲ್ಲಿನ 'ಹಿಂಸೆಗೊಳಗಾದವರ ಕಣ್ಣೀರು' ಅನ್ನುವ ಮಾತು ಈ ಮಕ್ಕಳದ್ದೇ, ಅವರನ್ನು ಹಿಂಸಿಸುತ್ತಿರುವುದು ತೋರಾ ಎಂಬ ಧರ್ಮಶಾಸ್ತ್ರ ಹಿಡಿದು ಕೂತ ದೊಡ್ಡ ನ್ಯಾಯಸಭೆ ಅಂತ ಅವನು ಹೇಳುತ್ತಾನೆ. ಧರ್ಮಗ್ರಂಥದ ಒಳಗೇ ಇಂಥ ಮಾತು! ನನಗೆ ತುಂಬಾ ಇಷ್ಟವಾದ ಜಾಗ ಇದು.

ಕಾನೂನನ್ನು ಅಳಿಸುವ ಧೈರ್ಯ ರಬ್ಬಿಗಳಿಗೆ ಇರಲಿಲ್ಲ, ಅದನ್ನು ಸಾಬೀತು ಮಾಡುವುದನ್ನೇ ಕಷ್ಟ ಮಾಡಿಟ್ಟರು. ಹೆಂಡತಿಯ ನಡತೆಯ ಬಗ್ಗೆ ಊರೆಲ್ಲ ಮಾತಾಡಿಕೊಂಡರೂ ಮಗು ಗಂಡನದೇ ಅಂತ ಎಣಿಸಬೇಕು. ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿ ಒಂದು ಪ್ರಕರಣವಿದೆ: ಗಂಡ ಸಮುದ್ರದಾಚೆ ಹೋಗಿ ಹನ್ನೆರಡು ತಿಂಗಳಾದ ಮೇಲೆ ಮಗು ಹುಟ್ಟಿದೆ, ಆದರೂ ರಬ್ಬಿಯೊಬ್ಬ ಅದು ಗಂಡನದೇ ಅಂದ, ಗರ್ಭ ಅಷ್ಟು ದಿನ ನಿಲ್ಲಬಹುದಂತೆ. ಸಮಾಜದಲ್ಲಿ ಬೆರೆತುಹೋದ ಮನೆತನವನ್ನು ಕೆದಕಲೂಬಾರದು.

ಇಷ್ಟಾದರೂ ಸಿಕ್ಕಿಬೀಳುವವರು ಇದ್ದಾರೆ. ಇಸ್ರೇಲಿನಲ್ಲಿ ಯೆಹೂದಿಗಳ ಮದುವೆ ರಬ್ಬಿಗಳ ಕೈಯಲ್ಲೇ ಇದೆ. ಗಂಡ ಹೆಂಡತಿಗೆ 'ಗೆಟ್' ಎಂಬ ಬಿಡುಗಡೆ ಪತ್ರ ಕೊಡದೆ ಸತಾಯಿಸಿದರೆ, ಅವಳಿಗೆ ಮುಂದೆ ಇನ್ನೊಬ್ಬನಿಂದ ಹುಟ್ಟುವ ಮಗು ಮಮ್ಜೇರ್. ಅಮ್ಮನ ಮೊದಲ ಮದುವೆ ಸರಿಯಾಗಿ ಮುರಿದಿರಲಿಲ್ಲ ಅಂತ ಒಬ್ಬ ಅಣ್ಣನಿಗೂ ಅವನ ತಂಗಿಗೂ ತಮ್ಮ ತಮ್ಮ ಸಂಗಾತಿಗಳನ್ನು ಮದುವೆಯಾಗಲು ರಬ್ಬಿಗಳು ಬಿಟ್ಟಿರಲಿಲ್ಲ. 1972ರಲ್ಲಿ ಮುಖ್ಯ ರಬ್ಬಿ ಶ್ಲೋಮೋ ಗೋರೆನ್, ಆ ಮೊದಲ ಗಂಡ ಯೆಹೂದಿಯಾಗಿ ಮತಾಂತರವಾಗಿದ್ದೇ ಸರಿಯಿಲ್ಲ, ಹಾಗಾಗಿ ಆ ಮದುವೆಯೇ ಆಗಿಲ್ಲ ಅಂತ ತೀರ್ಪು ಕೊಟ್ಟು ಇಬ್ಬರನ್ನೂ ಬಿಡಿಸಿದರು. ದೊಡ್ಡ ಗಲಾಟೆಯೇ ಆಯಿತು. ಯಾರಾದರೂ ಮಮ್ಜೇರ್ ಇದ್ದಾರೋ ಏನೋ ಎಂಬ ಇದೇ ಭಯದಲ್ಲಿ, ನಮ್ಮ ಕೊಂಕಣ ಕರಾವಳಿಯಿಂದ ಅಲ್ಲಿಗೆ ಹೋದ ಬೆನೆ ಇಸ್ರೇಲ್ ಎಂಬ ಯೆಹೂದಿ ಸಮುದಾಯದವರ ಮದುವೆಗೂ 1960ರ ದಶಕದಲ್ಲಿ ರಬ್ಬಿಗಳು ಅಡ್ಡಗಾಲು ಹಾಕಿದ್ದರು. ಅವರು ಬೀದಿಗಿಳಿದು ಪ್ರತಿಭಟಿಸಿದ ಮೇಲೆ, 1964ರಲ್ಲಿ, ಅವರ ಹೆಸರು ಹಿಡಿದು ಹೊರಡಿಸಿದ್ದ ಆದೇಶ ಬದಲಾಯಿತು.

ಡಿಎನ್‌ಎ ಪರೀಕ್ಷೆ ಮಾಡಿಸಿಬಿಟ್ಟರೆ ಮುಗೀತಲ್ವಾ ಅಂತ ಕೆಲವರು ಕೇಳುತ್ತಾರೆ. ಅಯ್ಯೋ, ಅದೇ ಬೇಡವಾಗಿರುವುದು! ಅಪ್ಪ ಯಾರು ಅಂತ ಪರೀಕ್ಷಿಸಲು ಇಸ್ರೇಲಿನಲ್ಲಿ ಕೋರ್ಟಿನ ಅನುಮತಿ ಬೇಕು, ಮತ್ತು ಮಗು ಮಮ್ಜೇರ್ ಅಂತ ಗೊತ್ತಾಗಿಬಿಡುವ ಸಾಧ್ಯತೆ ಇದ್ದರೆ ಆ ಅನುಮತಿ ಸುಲಭಕ್ಕೆ ಸಿಗುವುದಿಲ್ಲ.