ಬೇಸ್‌ಬಾಲ್ ಬಿಟ್ಟ ಮೇಲೆ ಉಳಿಯುವ ತೋಳು

ನಮ್ಮ ಕಾಲದ ಕಾಲೇಜು ಬೇಸ್‌ಬಾಲ್ ತಂಡದವರು ಎಲ್ಲಿ ಸೇರಿದರೂ ಮಾತು ಗೆದ್ದ ಕಪ್, ಪದಕ ಎಲ್ಲ ದಾಟಿ ಕೊನೆಗೆ ಹೆಗಲಿಗೆ ಬಂದು ನಿಲ್ಲುತ್ತದೆ. ಪಿಚ್ಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಆಗಿದ್ದವರಿಗೆ ಬಲಗೈಯನ್ನು ಬೆನ್ನ ಹಿಂದೆ ತಂದು ಬನಿಯನ್ ಕೆಳಗೆಳೆದುಕೊಳ್ಳುವುದು ಕಷ್ಟ. ಬ್ಯಾಟರ್ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದವರು ಮದುವೆ ಮನೆಯಲ್ಲಿ ನೆಲದ ಪಂಕ್ತಿ ಕಂಡರೆ ಕುರ್ಚಿ ಹುಡುಕುತ್ತಾರೆ. ಕಾಲೇಜಿನ ಸಂಚಿಕೆಗೆ ನೆನಪು ಬರೆದುಕೊಡಿ ಎಂದಿದ್ದಾರೆ. ನಾವು ಯಾರನ್ನು ಸೋಲಿಸಿದೆವು ಎಂಬುದರಿಂದ ಈಗ ಆಡುವವರಿಗೆ ಏನೂ ಆಗಬೇಕಾಗಿಲ್ಲ. ಅದೇ ಮೈದಾನದಲ್ಲಿ ಅವರಿಗೆ ಬೇಕಾಗುವುದನ್ನು ಬರೆಯುತ್ತೇನೆ.

ಮೊದಲು ಗೆರೆ ಹಾಕುವ ವಿಚಾರ. ಕ್ರಿಕೆಟ್, ಅಥ್ಲೆಟಿಕ್ಸ್, ಎನ್‌ಸಿಸಿ ಪರೇಡ್ ಎಲ್ಲಕ್ಕೂ ಒಂದೇ ಮೈದಾನ, ಹಾಗಾಗಿ ಪ್ರತಿ ಸಲ ಹೊಸದಾಗಿ ಅಳೆಯಬೇಕು. ಬೇಸ್‌ಬಾಲ್ ಅಂಗಳ ನಾಲ್ಕು ಮೂಲೆಯ ಚೌಕ: ಬ್ಯಾಟರ್ ನಿಲ್ಲುವ ಮೂಲೆ ಹೋಮ್, ಉಳಿದ ಮೂರು ಫಸ್ಟ್, ಸೆಕೆಂಡ್, ಥರ್ಡ್ ಬೇಸ್. ಹೋಮ್‌ನಿಂದ ಫಸ್ಟ್ ಬೇಸಿಗೆ 90 ಅಡಿ ಅಳೆದು, ಅಲ್ಲಿಂದ ಮೂಲೆಯನ್ನು ಕಣ್ಣಂದಾಜಿನಲ್ಲಿ ತಿರುಗಿಸಿದರೆ ಚೌಕ ಸೊಟ್ಟಗಾಗುವುದು ಖಂಡಿತ. ಹೋಮ್ ಪ್ಲೇಟಿನ ಹಿಂದಿನ ಚೂಪು ತುದಿಗೆ ಗೂಟ ಹೊಡೆದು, ನೇರವಾಗಿ 127 ಅಡಿ 3⅜ ಅಂಗುಲ ಅಳೆಯಿರಿ. ಅದು ಸೆಕೆಂಡ್ ಬೇಸ್. ಆಮೇಲೆ ಒಂದು ಟೇಪನ್ನು ಹೋಮ್‌ನಲ್ಲಿ, ಇನ್ನೊಂದನ್ನು ಸೆಕೆಂಡ್‌ನಲ್ಲಿ ಹಿಡಿದು ಬಲಕ್ಕೆ ಎಳೆದರೆ, ಎರಡರ 90 ಅಡಿ ಗುರುತೂ ಕೂಡುವ ಜಾಗ ಫಸ್ಟ್ ಬೇಸ್. ಎಡಕ್ಕೂ ಹಾಗೇ ಮಾಡಿದರೆ ಥರ್ಡ್. ಬೇಸ್ ಗುರುತಿಗೆ ಇಡುವ ಫಸ್ಟ್ ಮತ್ತು ಥರ್ಡ್ ಚೀಲಗಳು ಪೂರ್ತಿ ಗೆರೆಯ ಒಳಗೆ ಕೂರಬೇಕು, ಸೆಕೆಂಡ್ ಚೀಲದ ನಡುಮಧ್ಯ ಮಾತ್ರ ಗುರುತಿನ ಮೇಲೆ ಬರಬೇಕು. ಬಟ್ಟೆ ಟೇಪು ಹಳೆಯದಾದರೆ ಹಿಗ್ಗುತ್ತದೆ. ಸ್ಟೀಲ್ ಟೇಪಿಗೆ ಒಮ್ಮೆ ತಾಳೆ ನೋಡಿ.

ಪಿಚ್ಚರ್ ನಿಲ್ಲುವ ರಬ್ಬರು ಪಟ್ಟಿಯ ಮುಂದಿನ ಅಂಚು ಹೋಮ್ ತುದಿಯಿಂದ 60 ಅಡಿ 6 ಅಂಗುಲ. ನಿಜವಾದ ತೊಂದರೆ ಶುರುವಾಗುವುದೇ ಇಲ್ಲಿ. ನಿಯಮದ ಪ್ರಕಾರ ರಬ್ಬರು ಹೋಮ್ ಪ್ಲೇಟಿಗಿಂತ 10 ಅಂಗುಲ ಎತ್ತರದಲ್ಲಿರಬೇಕು. ಅದರ ಮುಂದೆ 6 ಅಂಗುಲ ಸಮತಟ್ಟು, ಅಲ್ಲಿಂದ ಅಡಿಗೊಂದು ಅಂಗುಲದಂತೆ 6 ಅಡಿ ಇಳಿಜಾರು. ಕ್ರಿಕೆಟ್‌ನವರು ತಮ್ಮ ಔಟ್‌ಫೀಲ್ಡ್‌ನಲ್ಲಿ ದಿಬ್ಬ ಮಾಡಲು ಬಿಡುತ್ತಾರೆಯೇ? ಬಿಡುವುದಿಲ್ಲ, ಅವರದೂ ತಪ್ಪಲ್ಲ. ಹಾಗಾಗಿ ವರ್ಷವಿಡೀ ಸಮನೆಲದ ಮೇಲೆ ಎಸೆದ ಹುಡುಗ ಟೂರ್ನಮೆಂಟಿನಲ್ಲಿ ಮೊದಲ ಸಲ ಮೌಂಡ್ (ಈ ದಿಬ್ಬ) ಹತ್ತುತ್ತಾನೆ. ಮುಂದಿಟ್ಟ ಕಾಲಿಗೆ ನೆಲ ಸಿಗುವುದು ಎಂದಿಗಿಂತ ತುಸು ತಡ, ತುಸು ಕೆಳಗೆ. ಮೈಗೂ ಕೈಗೂ ಹೊಂದಾಣಿಕೆ ತಪ್ಪಿ ಚೆಂಡು ಮೇಲಕ್ಕೆ ಹೋಗುತ್ತದೆ. ಗುರಿ ತಪ್ಪಿದ ಎಸೆತಗಳಿಂದ ಎರಡು ವಾಕ್ (ಬ್ಯಾಟರ್‌ಗೆ ಪುಕ್ಕಟೆ ಫಸ್ಟ್ ಬೇಸ್) ಕೊಟ್ಟ ಕೂಡಲೇ ಅವನು ಮೈಯನ್ನು ಬಿಟ್ಟು ಬರೀ ಕೈಯಿಂದ ಚೆಂಡನ್ನು ಕೆಳಗೆ ತಳ್ಳಲು ನೋಡುತ್ತಾನೆ. ಮೊಣಕೈಗೆ ಪೆಟ್ಟು ಬೀಳುವುದು ಆಗ.

ಇದಕ್ಕೆ ದುಬಾರಿ ಉಪಾಯ ಬೇಕಿಲ್ಲ. ಬಡಗಿಯಿಂದ 4 ಅಡಿ ಅಗಲ, ಕನಿಷ್ಠ 8 ಅಡಿ ಉದ್ದದ ಇಳಿಜಾರು ಹಲಗೆ ಮಾಡಿಸಿ, ಮೇಲೆ ನಾರಿನ ಮ್ಯಾಟ್ ಹೊಡೆಸಿದರೆ ಸಾಕು. ಉದ್ದ ಕಡಿಮೆ ಮಾಡಿ ದುಡ್ಡು ಉಳಿಸಬೇಡಿ. ಎತ್ತರದ ಹುಡುಗರ ಹೆಜ್ಜೆ ಐದೂವರೆ ಅಡಿ ದಾಟುತ್ತದೆ, ಕಾಲು ಹಲಗೆಯ ಅಂಚಿಗೆ ಬಿದ್ದರೆ ಕಣಕಾಲು ಹೋಯಿತು. ಮಣ್ಣಿನ ಮೌಂಡ್ ಇರುವ ಕಡೆ ಕಾಲು ಬೀಳುವ ಜಾಗದಲ್ಲಿ ಗುಳಿ ಬೀಳುತ್ತದೆ. ಪ್ರತಿ ಇನ್ನಿಂಗ್ಸ್ ಮುಗಿದಾಗ ಒದ್ದೆ ಜೇಡಿಮಣ್ಣು ತುಂಬಿ ದಮ್ಮಸ್ಸು ಮಾಡಿ. ಒಣ ಮಣ್ಣು ಸುರಿದರೆ ಮೂರನೇ ಚೆಂಡಿಗೇ ಎದ್ದು ಬರುತ್ತದೆ.

ಈ ದಿಬ್ಬದ ಎತ್ತರ ಎಷ್ಟು ಮುಖ್ಯ ಎನ್ನುವುದಕ್ಕೆ ಅಮೆರಿಕದ ಅತ್ಯುನ್ನತ ವೃತ್ತಿಪರ ಹಂತವಾದ ಮೇಜರ್ ಲೀಗನ್ನೇ ನೋಡಬಹುದು. 1968ರಲ್ಲಿ ಪಿಚ್ಚರ್ ಬಾಬ್ ಗಿಬ್ಸನ್, ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟರೆ, 9 ಇನ್ನಿಂಗ್ಸ್‌ಗೆ ಸರಾಸರಿ 1.12 ರನ್ ಮಾತ್ರ ಕೊಟ್ಟರು. ಬ್ಯಾಟರ್‌ಗಳ ಕೈ ಕಟ್ಟಿಹೋಗಿತ್ತು. ಮರುವರ್ಷವೇ ಮೌಂಡನ್ನು 15 ಅಂಗುಲದಿಂದ 10ಕ್ಕೆ ಇಳಿಸಿದರು.

ಪಿಚ್ಚರ್ ಎಸೆಯುವಾಗಲೇ ಓಟಗಾರ ಮುಂದಿನ ಬೇಸಿಗೆ ಓಡಿ ಬೇಸ್ ಕದ್ದಾಗಲೆಲ್ಲ ಕ್ಯಾಚರ್‌ನನ್ನು ಬೈಯುವ ಚಾಳಿ ನಮ್ಮ ಕಾಲದಲ್ಲಿತ್ತು, ಈಗಲೂ ಇದೆ. ಲೆಕ್ಕ ಹಾಕಿ ನೋಡಿ. ಪಿಚ್ಚರ್ ಕದಲಿದಾಗಿನಿಂದ ಚೆಂಡು ಕ್ಯಾಚರ್‌ನ ಗ್ಲೌಸ್ ಸೇರುವವರೆಗೆ 1.3 ಸೆಕೆಂಡು, ಅಲ್ಲಿಂದ ಸೆಕೆಂಡ್ ಬೇಸ್‌ನಲ್ಲಿರುವವನ ಗ್ಲೌಸಿಗೆ 2.0 ಸೆಕೆಂಡು ಹಿಡಿದರೆ ಅದು ಒಳ್ಳೆಯ ಜೋಡಿ. ಒಟ್ಟು 3.3. ವೇಗದ ಓಟಗಾರನಿಗೂ ಹೆಚ್ಚುಕಮ್ಮಿ ಅಷ್ಟೇ ಬೇಕು. ಪಿಚ್ಚರ್ ಕಾಲನ್ನು ಎದೆಯವರೆಗೆ ಎತ್ತಿ 1.6 ಸೆಕೆಂಡು ತಿಂದರೆ ಕ್ಯಾಚರ್ ಏನು ಮಾಡಿದರೂ ಓಟಗಾರ ಅಲ್ಲಿ ಕೂತಿರುತ್ತಾನೆ. ಫೋನಿನ ಸ್ಟಾಪ್‌ವಾಚ್‌ನಲ್ಲಿ ಎರಡನ್ನೂ ಬೇರೆ ಬೇರೆ ಅಳೆದಿಟ್ಟರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಅಂದಹಾಗೆ, ಚೆಂಡಿಗೆ ಕಾಯುವಾಗ ಕ್ಯಾಚರ್‌ನ ಬರಿಗೈ ಬಲಗಾಲಿನ ಹಿಂದೆ ಇರಲಿ, ಹೆಬ್ಬೆರಳು ಬೆರಳುಗಳೊಳಗೆ ಮಡಿಚಿರಲಿ. ಗ್ಲೌಸಿನ ಪಕ್ಕ ಕೈ ಅರಳಿಸಿಟ್ಟುಕೊಳ್ಳುವವರ ಬೆರಳನ್ನು ಬ್ಯಾಟ್ ಸವರಿ ಬಂದ ಚೆಂಡು ಒಂದಲ್ಲ ಒಂದು ದಿನ ಮುರಿದೇ ಮುರಿಯುತ್ತದೆ.

ಗ್ಲೌಸಿನ ಬಗ್ಗೆ ಎರಡೇ ಮಾತು. ಕೊಬ್ಬರಿ ಎಣ್ಣೆ ಹಚ್ಚಬೇಡಿ. ತೊಗಲು ಭಾರವಾಗಿ ಜೋತುಬೀಳುತ್ತದೆ, ಮಳೆಗಾಲದಲ್ಲಿ ಕಮಟು ವಾಸನೆ. ಹಗ್ಗ ತುಂಡಾದರೆ ತೊಗಲಿನ ದಾರವನ್ನೇ ಹಾಕಿಸಿ. ನೈಲಾನ್ ದಾರದಲ್ಲಿ ಹೊಲಿಸಿದರೆ ಅದು ಪಕ್ಕದ ತೂತನ್ನೂ ಕತ್ತರಿಸುತ್ತದೆ.

ಇನ್ನು ತೋಳು. ಮೊಣಕೈಯ ಒಳಬದಿಯಲ್ಲಿ ಮೇಲ್ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಹಿಡಿದಿಡುವ ಒಂದು ಪುಟ್ಟ ಅಸ್ಥಿರಜ್ಜು ಇದೆ. ಜೋರಾಗಿ ಎಸೆದಾಗಲೆಲ್ಲ ಅದು ತನ್ನ ಮಿತಿಯ ಹತ್ತಿರದವರೆಗೂ ಎಳೆಸಿಕೊಳ್ಳುತ್ತದೆ. ಸುತ್ತಲಿನ ಸ್ನಾಯು ದಣಿದಿಲ್ಲವಾದರೆ ಭಾರ ಹಂಚಿಹೋಗುತ್ತದೆ, ದಣಿದರೆ ಪೂರ್ತಿ ಅದರ ಮೇಲೆಯೇ. ಮೇಜರ್ ಲೀಗಿನ ಎಡಗೈ ಪಿಚ್ಚರ್ ಸ್ಯಾಂಡಿ ಕೋಫ್ಯಾಕ್ಸ್ 1966ರಲ್ಲಿ 27 ಪಂದ್ಯ ಗೆದ್ದು, ಅದೇ ನವೆಂಬರ್‌ನಲ್ಲಿ 30ನೇ ವಯಸ್ಸಿಗೆ ನಿವೃತ್ತಿ ಹೇಳಿದರು. ಎಡ ಮೊಣಕೈಯ ಸಂಧಿವಾತ, ಊತ ತಗ್ಗಿಸಲು ಮೇಲಿಂದ ಮೇಲೆ ಕಾರ್ಟಿಸೋನ್ ಚುಚ್ಚುಮದ್ದು. ಆಟದ ತುತ್ತತುದಿಯಲ್ಲಿದ್ದಾಗ ಬಿಟ್ಟರು ಎಂದು ಜನ ಹೊಗಳುತ್ತಾರೆ; ಬಿಡದಿದ್ದರೆ ಕೈಯೇ ಉಳಿಯುತ್ತಿರಲಿಲ್ಲ ಎನ್ನುವುದು ಆ ಮಾತಿನ ಇನ್ನೊಂದು ಮುಖ. ಎಂಟು ವರ್ಷದ ಮೇಲೆ, 1974ರಲ್ಲಿ, ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಎಡಗೈ ಪಿಚ್ಚರ್‌ನ ಹರಿದ ಅಸ್ಥಿರಜ್ಜಿನ ಜಾಗಕ್ಕೆ ಅವರದೇ ಬಲ ಮುಂಗೈಯ ಸ್ನಾಯುರಜ್ಜನ್ನು ಹಾಕಿ ಕೂಡಿಸಿದರು. 1976ರಲ್ಲಿ ಮತ್ತೆ ಮೌಂಡ್ ಹತ್ತಿದ ಟಾಮಿ ಜಾನ್ 1989ರವರೆಗೆ ಆಡಿ, ಆಪರೇಷನ್ ಆದ ಮೇಲೆಯೇ 164 ಪಂದ್ಯ ಗೆದ್ದರು. ಇದನ್ನು ಕೇಳಿ 'ಹರಿದರೆ ಹೊಲಿಸಿದರಾಯಿತು' ಎನ್ನುವ ಹುಡುಗರಿದ್ದಾರೆ. ಮೈದಾನಕ್ಕೆ ಮರಳಲು 12ರಿಂದ 18 ತಿಂಗಳು ಬೇಕು. ಪದವಿಯ ಮೂರು ವರ್ಷದಲ್ಲಿ ಅದು ಎಷ್ಟು ಪಾಲು ಎಂದು ನೀವೇ ಎಣಿಸಿ.

ನಮ್ಮವರ ಉದಾಹರಣೆಯೂ ಇದೆ. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್, ದಿನೇಶ್ ಪಟೇಲ್ 2008ರಲ್ಲಿ ಮೇಜರ್ ಲೀಗ್ ತಂಡವಾದ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ದಿನೇಶ್ 2010ರಲ್ಲಿ ಹೊರಬಂದು ಊರಿಗೆ ಮರಳಿದರು. ರಿಂಕು ಕೆಳಹಂತದ ಲೀಗುಗಳಲ್ಲಿ ಮುಂದುವರಿದರೂ 2013ರಲ್ಲಿ ಇದೇ ಆಪರೇಷನ್ ಆಯಿತು. 2018ರಲ್ಲಿ ಅವರು ವೃತ್ತಿಪರ ಕುಸ್ತಿಗೆ ಹೋದರು. ಅಮೆರಿಕದಲ್ಲಿ ಮೇಜರ್ ಲೀಗಿನ ಪಟ್ಟಿಯಲ್ಲಿ 43 ದಿನ ಇದ್ದರೆ ಪಿಂಚಣಿಯ ಹಕ್ಕು ಬರುತ್ತದೆ. ನಮಗೆ ಉಳಿಯುವುದು ಲ್ಯಾಮಿನೇಟ್ ಮಾಡಿಸಿದ ಸರ್ಟಿಫಿಕೇಟು. ಅದಕ್ಕೇ ಕೈಯನ್ನು ಕಾಪಾಡಿಕೊಳ್ಳಿ ಎನ್ನುವುದು.

ಕಾಪಾಡಿಕೊಳ್ಳುವುದೆಂದರೆ ಎಣಿಸುವುದು. ಅಮೆರಿಕದಲ್ಲಿ 17–18 ವಯಸ್ಸಿನವರಿಗೆ ಹಾಕಿಕೊಟ್ಟಿರುವ ಮಿತಿ ದಿನಕ್ಕೆ 105 ಎಸೆತ. 30 ದಾಟಿದರೆ ಒಂದು ದಿನ ವಿಶ್ರಾಂತಿ, 45 ದಾಟಿದರೆ ಎರಡು, 60 ದಾಟಿದರೆ ಮೂರು, 80 ದಾಟಿದರೆ ನಾಲ್ಕು. ನಮ್ಮ ಅಂತರ ಕಾಲೇಜು ಪಂದ್ಯಾವಳಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಮೂರು ದಿನದಲ್ಲಿ ನಾಲ್ಕು ಪಂದ್ಯ, ನಾಲ್ಕಕ್ಕೂ ಒಬ್ಬನೇ ಪಿಚ್ಚರ್. ಅವನನ್ನು ಬಿಟ್ಟರೆ ಸ್ಟ್ರೈಕ್ (ಸರಿಯಾದ ಗುರಿಗೆ ಎಸೆತ) ಹಾಕುವವರೇ ಇಲ್ಲ ಎನ್ನುವುದು ಸಬೂಬು. ಜೂನ್‌ನಲ್ಲೇ ಮೂವರನ್ನು ತಯಾರು ಮಾಡದಿದ್ದರೆ ಅಕ್ಟೋಬರ್‌ನಲ್ಲಿ ಇಲ್ಲದಿರುವುದು ಸಹಜ. ಸ್ಕೋರ್ ಬರೆಯುವವರ ಪಕ್ಕ ಒಬ್ಬರು ಬರೀ ಎಸೆತ ಎಣಿಸಲಿ. ಪುಟದ ಅಂಚಿನಲ್ಲಿ ಐದೈದರ ಗೆರೆ ಹಾಕಿದರೂ ಆಯಿತು. ವಾರ್ಮ್‌ಅಪ್ ಎಸೆತಗಳು ಇದರಲ್ಲಿ ಸೇರುವುದಿಲ್ಲ, ಆದರೆ ಕೈಗೆ ಅದು ಗೊತ್ತಿಲ್ಲ ಎಂಬುದನ್ನು ಮರೆಯಬೇಡಿ.

ಆಟ ಬಿಟ್ಟವರಿಗೆ: ಎಸೆಯುವ ತೋಳು ಹೊರಕ್ಕೆ ಹೆಚ್ಚು ತಿರುಗುತ್ತದೆ, ಒಳಕ್ಕೆ ಕಡಿಮೆ. ಬನಿಯನ್ ಕಷ್ಟ ಅದೇ. ಆ ಬದಿಗೆ ಮಲಗಿ, ಮೊಣಕೈಯನ್ನು ಹೆಗಲಿನ ನೇರಕ್ಕೆ ಮಡಿಚಿಟ್ಟು, ಇನ್ನೊಂದು ಕೈಯಿಂದ ಮುಂಗೈಯನ್ನು ನೆಲದ ಕಡೆಗೆ ಮೆಲ್ಲಗೆ ಒತ್ತಿ 30 ಸೆಕೆಂಡು ಹಿಡಿಯಿರಿ, ಮೂರು ಸಲ. ಮೊಣಕೈ ಮತ್ತು ಪಕ್ಕೆಯ ನಡುವೆ ಟವೆಲ್ ಸುರುಳಿ ಇಟ್ಟು ರಬ್ಬರ್ ಟ್ಯೂಬನ್ನು ಹೊರಕ್ಕೆ ಎಳೆಯುವುದು 15ರಂತೆ ಎರಡು ಸುತ್ತು. ಟವೆಲ್ ಜಾರಿ ಬಿದ್ದರೆ ಬೇರೆ ಸ್ನಾಯು ಕೆಲಸ ಮಾಡುತ್ತಿದೆ ಎಂದರ್ಥ. ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಗಲು ಬಿಗಿದುಕೊಳ್ಳುವುದು ಹೆಚ್ಚು, ಎಲ್ಲವನ್ನೂ ಹಳೆಯ ಪಿಚಿಂಗಿನ ತಲೆಗೆ ಕಟ್ಟಬೇಡಿ.

ಹಳೆಯ ವಿದ್ಯಾರ್ಥಿಗಳ ದಿನದ ಪಂದ್ಯಕ್ಕೆ ಬರುವವರು 30 ಅಡಿಯಿಂದ ಎಸೆಯಲು ಶುರುಮಾಡಿ 45, 60, ಕೊನೆಗೆ 90 ಅಡಿಗೆ ಹೋಗಿ, ಪ್ರತಿ ದೂರದಲ್ಲಿ ಎಂಟ್ಹತ್ತು ಚೆಂಡು ಸಾಕು. ಹೋಮ್‌ನಿಂದ ಫಸ್ಟ್‌ಗೆ ಮೊದಲ ಓಟ ಮುಕ್ಕಾಲು ವೇಗದಲ್ಲಿರಲಿ, ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುವುದು ಅಲ್ಲೇ. ಪಿಚ್ ಮಾಡುವ ಕೆಲಸ ಮಾತ್ರ ಎರಡೂ ತಂಡಕ್ಕೆ ಈಗಿನ ವಿದ್ಯಾರ್ಥಿಗಳೇ ಮಾಡಲಿ, ಮೂರು ಇನ್ನಿಂಗ್ಸ್‌ಗೊಬ್ಬರು. ನಮ್ಮಲ್ಲಿ ಯಾರಾದರೂ ಒಂದು ಇನ್ನಿಂಗ್ಸ್ ಕೊಡಿ ಎಂದು ಕೇಳಿಕೊಂಡು ಬಂದರೆ ಅಂಪೈರ್ ಮಾಸ್ಕ್ ಕೊಟ್ಟು ಕ್ಯಾಚರ್‌ನ ಹಿಂದೆ ನಿಲ್ಲಿಸಿ.